ಮಾರುತಿ 800 ಎಂಜಿನ್, ಒಂದೇ ಸೀಟು: ಫಾರ್ಮುಲಾ ಮಾರುತಿ ಹುಟ್ಟಿದ ಕಥೆ

ಚನ್ನಗಿರಿ ತಾಲ್ಲೂಕಿನ ನಲ್ಲೂರಿಂದ ಮಾತಾಡ್ತಿದ್ದೀನಿ. ಅಡಿಕೆ ರೇಟಿನ ಎಪಿಸೋಡ್ ಅಲ್ಲ ಇದು, ಇವತ್ತು ರೇಸ್ ಕಾರಿನ ಇತಿಹಾಸ.

ಫಾರ್ಮುಲಾ ಒನ್ ರೀಲ್ಸ್ ನೀವೆಲ್ಲ ನೋಡ್ತೀರಿ. ಭಾರತದಿಂದ ಅಲ್ಲಿಗೆ ಹೋಗಿ ರೇಸ್ ಓಡಿಸಿದವರು ಇಬ್ಬರೇ. 2005ರಲ್ಲಿ ನರೇನ್ ಕಾರ್ತಿಕೇಯನ್, 2010ರಲ್ಲಿ ಕರುಣ್ ಚಂದೋಕ್. ಇಬ್ಬರೂ ಶುರು ಮಾಡಿದ್ದು ಮಾರುತಿ 800 ಎಂಜಿನ್ ಹಾಕಿದ ಒಂದು ಪುಟ್ಟ ಕಾರಿನಲ್ಲಿ ಅಂದ್ರೆ ನಂಬ್ತೀರಾ?

ಸ್ವಲ್ಪ ಹಿಂದಕ್ಕೆ ಹೋಗೋಣ. ದಕ್ಷಿಣ ಭಾರತದಲ್ಲಿ ಕಾರ್ ರೇಸ್ ಅಂದ್ರೆ ಆಗ ಚೆನ್ನೈ ಹತ್ತಿರದ ಶೋಲಾವರಂ. ಎರಡನೇ ಮಹಾಯುದ್ಧದ ಕಾಲದ ಹಳೇ ವಿಮಾನದ ರನ್‌ವೇ ಅದು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ರೇಸ್ ನಡೆಸ್ತಿತ್ತು. ಹಣ ಇದ್ದವರು ಹೊರದೇಶದಿಂದ ಕಾರು ತರಿಸೋರು. ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಅಲ್ಲಿ ಎನ್‌ಸೈನ್ ಅನ್ನೋ ಹಳೇ ಫಾರ್ಮುಲಾ ಒನ್ ಕಾರನ್ನೇ ಓಡಿಸಿದ್ರು. ಹಣ ಇಲ್ಲದವರು ಇದ್ದ ಫಿಯಟ್ಟನ್ನೇ ಬಿಚ್ಚಿ, ತಿದ್ದಿ, ತಗೊಂಡು ಬರೋರು. ಇವರಿಬ್ಬರೂ ಒಂದೇ ರನ್‌ವೇಯಲ್ಲಿ ಓಡಿದ್ರೆ ಯಾರು ಒಳ್ಳೇ ಡ್ರೈವರ್ ಅಂತ ಹೇಗೆ ಹೇಳ್ತೀರಿ? ಯಾರ ಹತ್ತಿರ ದುಡ್ಡು ಜಾಸ್ತಿ ಅನ್ನೋದು ಮಾತ್ರ ಗೊತ್ತಾಗುತ್ತೆ.

ಇದಕ್ಕೆ ಉತ್ತರ ಅಮೆರಿಕದಲ್ಲಿ ಆಗಲೇ ಸಿಕ್ಕಿತ್ತು. 1960ರ ದಶಕದ ಆರಂಭದಲ್ಲಿ ಅಲ್ಲಿ ಫಾರ್ಮುಲಾ ವೀ ಅಂತ ಶುರುವಾಯ್ತು. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್, ಗೇರ್‌ಬಾಕ್ಸ್ ತೆಗೆದು ಕಬ್ಬಿಣದ ಪೈಪಿನ ಚೌಕಟ್ಟಿಗೆ ಕೂರಿಸೋದು, ಎಲ್ಲರಿಗೂ ಅದೇ ಎಂಜಿನ್. ವಾರವಿಡೀ ಆಫೀಸಿಗೆ ಹೋಗೋನೂ ಭಾನುವಾರ ರೇಸ್ ಮಾಡಬಹುದು. ನಿಕಿ ಲೌಡಾ, ಎಮರ್ಸನ್ ಫಿಟ್ಟಿಪಾಲ್ಡಿ, ಕೆಕೆ ರೋಸ್‌ಬರ್ಗ್ ಈ ಮೂವರೂ ಫಾರ್ಮುಲಾ ವೀ ಓಡಿಸಿ, ಆಮೇಲೆ ವಿಶ್ವ ಚಾಂಪಿಯನ್ ಆದವರು.

ನಮ್ಮಲ್ಲಿ ಅದನ್ನು ಮಾಡಿದ್ದು ಕೊಯಮತ್ತೂರಿನ ಎಸ್. ಕರಿವರ್ಧನ್. ಕೊಯಮತ್ತೂರು ಅಂದ್ರೆ ನಮ್ಮ ತೋಟದವರಿಗೆ ಬೇರೆ ಹೇಳಬೇಕಾಗಿಲ್ಲ, ಬೋರ್‌ವೆಲ್‌ಗೆ ಇಳಿಸೋ ಪಂಪು-ಮೋಟಾರು ಎಷ್ಟೋ ಅಲ್ಲಿಂದಲೇ ಬರೋದು. ಲೇತ್, ವೆಲ್ಡಿಂಗ್, ಎರಕ ಎಲ್ಲ ಬೀದಿಬೀದಿಯಲ್ಲೂ ಗೊತ್ತಿರೋ ಊರು. ಜವಳಿ ಯಂತ್ರ ಮಾಡೋ ಉದ್ಯಮದ ಮನೆತನದ ಕರಿವರ್ಧನ್‌ಗೆ ಕಾರು ಓಡಿಸೋದರಷ್ಟೇ ಕಟ್ಟೋ ಹುಚ್ಚು. 1983ರ ಕೊನೆಗೆ ಮಾರುತಿ 800 ಬಂತು. ಮೂರು ಸಿಲಿಂಡರ್, 796 ಸಿಸಿ, ಬಿಡಿಭಾಗ ಎಲ್ಲ ಕಡೆ ಸಿಗುತ್ತೆ, ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸ್ತಾನೆ. ಆ ಎಂಜಿನ್ನನ್ನು ಡ್ರೈವರ್ ಬೆನ್ನ ಹಿಂದೆ ಕೂರಿಸಿ, ಚಕ್ರ ಹೊರಗೆ ಬಿಟ್ಟು, ಒಂದೇ ಸೀಟಿನ ಕಾರು ಮಾಡಿದ್ರು. 1980ರ ದಶಕದ ಕೊನೆಗೆ ಅದೇ ಫಾರ್ಮುಲಾ ಮಾರುತಿ ಆಯ್ತು.

ಇಲ್ಲಿ ಒಂದು ವಿಷಯ ನಿಧಾನಕ್ಕೆ ಕೇಳಿ. ಶಕ್ತಿ ಕಮ್ಮಿ ಇರೋ ಕಾರು ಕಲಿಯೋಕೆ ಒಳ್ಳೇದು. ದೊಡ್ಡ ಎಂಜಿನ್ ಇದ್ರೆ ತಿರುವಿನಲ್ಲಿ ತಪ್ಪಿದರೂ ನೇರ ದಾರಿಯಲ್ಲಿ ಕಾಲು ಒತ್ತಿ ಸರಿ ಮಾಡ್ಕೋಬಹುದು. ಮಾರುತಿ 800ರಲ್ಲಿ ಆ ಆಟ ನಡೆಯಲ್ಲ. ತಿರುವಿನಲ್ಲಿ ಒಂದು ಸಲ ವೇಗ ಕಳ್ಕೊಂಡ್ರೆ ಅದು ವಾಪಸ್ ಬರೋಷ್ಟರಲ್ಲಿ ಮೂರು ಜನ ಮುಂದೆ ಹೋಗಿರ್ತಾರೆ. ಹಾಗಾಗಿ ಎಲ್ಲಿ ಬ್ರೇಕ್ ಹಿಡಿಯಬೇಕು, ಯಾವ ಗೆರೆಯಲ್ಲಿ ತಿರುಗಬೇಕು, ಮುಂದಿನ ಕಾರಿನ ಹಿಂದೆ ಗಾಳಿಯ ತಡೆ ಕಮ್ಮಿ ಇರೋ ಜಾಗದಲ್ಲಿ ಹೇಗೆ ಅಂಟ್ಕೊಂಡು ಹೋಗಬೇಕು, ಎಲ್ಲ ಕಲೀಲೇಬೇಕು. ನನ್ನ ಪ್ರಕಾರ ಕರಿವರ್ಧನ್ ಮಾಡಿದ್ದು ಕಾರಿಗಿಂತ ಹೆಚ್ಚಾಗಿ ಒಂದು ಶಾಲೆ.

1990ರಲ್ಲಿ ಶ್ರೀಪೆರಂಬದೂರು ಪಕ್ಕದ ಇರುಂಗಾಟ್ಟುಕೋಟ್ಟೈನಲ್ಲಿ ಸರಿಯಾದ ಟ್ರ್ಯಾಕ್ ಆಯ್ತು. ಹದಿಹರೆಯದ ನರೇನ್ ಫಾರ್ಮುಲಾ ಮಾರುತಿಯಲ್ಲಿ ತಮ್ಮ ಮೊದಲ ರೇಸಿನಲ್ಲೇ ಪೋಡಿಯಂ ಹತ್ತಿದ್ದು ಅಲ್ಲೇ. 2000ದಲ್ಲಿ ಕರುಣ್ ಇದೇ ಕಾರಿನಲ್ಲಿ ಚಾಂಪಿಯನ್. ಕರುಣ್ ಗೆದ್ದಿದ್ದನ್ನು ನೋಡೋಕೆ ಕರಿವರ್ಧನ್ ಇರಲಿಲ್ಲ. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರ್ಕೊಂಡ್ರು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರಿನದೇ.

ಅವರಾದ ಮೇಲೂ ಕೆಲಸ ನಿಲ್ಲಲಿಲ್ಲ. ರೋಲಾನ್ ಚೈನು ಗೊತ್ತಲ್ಲ, ನಿಮ್ಮ ಬೈಕಿನಲ್ಲೇ ಇರಬಹುದು. ಅದನ್ನು ಮಾಡೋ ಎಲ್‌ಜಿಬಿ ಹೆಸರಲ್ಲಿ ಫಾರ್ಮುಲಾ ಎಲ್‌ಜಿಬಿ ಬಂತು, 800ರ ಜಾಗಕ್ಕೆ 1300 ಸಿಸಿ ಎಂಜಿನ್ ಬಂತು. ಎಲ್ಲರಿಗೂ ಒಂದೇ ಕಾರು ಅನ್ನೋ ನಿಯಮ ಮಾತ್ರ ಹಾಗೇ ಇದೆ.

ಆದ್ರೆ ನನ್ನ ತಕರಾರು ಒಂದಿದೆ. ನರೇನ್ ತಂದೆ ರ‍್ಯಾಲಿ ಚಾಂಪಿಯನ್. ಕರುಣ್ ತಂದೆ ವಿಕಿ ಚಂದೋಕ್ ಕೂಡ ರೇಸಿಂಗ್‌ನವರೇ. ಈಗ ಹೆಸರು ಮಾಡ್ತಿರೋ ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಅಣ್ಣತಮ್ಮಂದಿರ ತಂದೆ ಗೌತಮ್ ಮೈನಿಯೂ ರೇಸ್ ಓಡಿಸಿದವರೇ. ಕಾರು ಅಗ್ಗ ಆಯ್ತು, ನಿಜ. ಆದ್ರೆ ಟೈರು, ಸೂಟು, ಹೆಲ್ಮೆಟ್ಟು, ಗುದ್ದಿದ್ರೆ ರಿಪೇರಿ, ಇದೆಲ್ಲದರ ಜೊತೆಗೆ ಇಂಥದ್ದೊಂದು ಇದೆ ಅಂತ ಮನೆಯಲ್ಲಿ ಹೇಳೋರು ಬೇಕು. ನಮ್ಮೂರಲ್ಲಿ ಗೂಡ್ಸ್ ಆಟೋನ ಕೆಸರು ತುಂಬಿದ ತೋಟದ ದಾರಿಯಲ್ಲಿ ರಿವರ್ಸ್ ತೆಗೆಯೋ ಹುಡುಗರಿದ್ದಾರೆ. ಅವರಿಗೆ ಇದನ್ನ ಹೇಳಿದವರು ಯಾರು?

ಅದಕ್ಕೇ ಹೇಳ್ತಿದ್ದೀನಿ, ಬರ್ಕೊಳ್ಳಿ. ರೇಸ್ ಮಾಡೋಕೆ ಎಫ್‌ಎಂಎಸ್‌ಸಿಐ ಅನ್ನೋ ಒಕ್ಕೂಟದ ಲೈಸೆನ್ಸ್ ಬೇಕು, ಆರ್‌ಟಿಒ ಕೊಡೋದು ನಡೆಯಲ್ಲ. ಮೊದಲು ತರಬೇತಿ ತಗೋಬೇಕು. ರಾಷ್ಟ್ರೀಯ ಚಾಂಪಿಯನ್‌ಶಿಪ್ ಜೊತೆಗೇ ಹೊಸಬರಿಗೆ ಅಂತ ನೋವಿಸ್ ಕಪ್ ನಡೆಸಿದ್ದಾರೆ. ಟ್ರ್ಯಾಕ್ ನಮ್ಮೂರಿಂದ 600 ಕಿಲೋಮೀಟರ್ ಹತ್ತಿರ. ಮುಂದಿನ ವಾರ ಗೋ-ಕಾರ್ಟ್ ಬಗ್ಗೆ ಮಾತಾಡೋಣ, ಅದು ಬೆಂಗಳೂರಲ್ಲೇ ಸಿಗುತ್ತೆ.