ಸಹಿಷ್ಣುತೆ ಮತ್ತು ದೇಹದಾರ್ಢ್ಯ ಪರೀಕ್ಷೆಯ ತಯಾರಿ

ಪೊಲೀಸ್, ಸೇನೆ, ಅರೆಸೇನಾ ಪಡೆ ಮೊದಲಾದ ಸಮವಸ್ತ್ರ ಸೇವೆಗಳ ನೇಮಕಾತಿಯಲ್ಲಿ ಅಭ್ಯರ್ಥಿಗಳ ಓಟ, ಜಿಗಿತ, ಗುಂಡು ಎಸೆತ ಹಾಗೂ ದೇಹದ ಅಳತೆಗಳನ್ನು ಪರೀಕ್ಷಿಸಲಾಗುತ್ತದೆ. ಅದಕ್ಕಾಗಿ ಅಭ್ಯರ್ಥಿಗಳು ಕೈಗೊಳ್ಳುವ ವ್ಯಾಯಾಮ ಮತ್ತು ಆಹಾರಕ್ರಮವನ್ನು ಸಹಿಷ್ಣುತೆ ಮತ್ತು ದೇಹದಾರ್ಢ್ಯ ಪರೀಕ್ಷೆಯ ತಯಾರಿ ಎನ್ನಲಾಗುತ್ತದೆ. ಈ ಪರೀಕ್ಷೆಗಳಲ್ಲಿ ಹೆಚ್ಚಿನವು ಕನಿಷ್ಠ ಸಾಮರ್ಥ್ಯವನ್ನು ಮಾತ್ರ ಅಳೆಯುತ್ತವೆ. ಆರೋಗ್ಯವಂತ ಯುವಜನರಲ್ಲಿ ಬಹುಪಾಲು ಮಂದಿ ಮೂರು-ನಾಲ್ಕು ತಿಂಗಳ ಕ್ರಮಬದ್ಧ ಅಭ್ಯಾಸದಿಂದ ಆ ಮಟ್ಟವನ್ನು ಮುಟ್ಟಬಲ್ಲರು. ಆದರೆ ಲಿಖಿತ ಪರೀಕ್ಷೆ ಮೊದಲು ನಡೆಯುವ ನೇಮಕಾತಿಗಳಲ್ಲಿ ಅಭ್ಯರ್ಥಿಗಳು ತಿಂಗಳುಗಟ್ಟಲೆ ಕುಳಿತು ಓದಿ, ಫಲಿತಾಂಶ ಬಂದ ನಂತರ ಉಳಿಯುವ ಕೆಲವೇ ವಾರಗಳಲ್ಲಿ ಮೈದಾನಕ್ಕೆ ಇಳಿಯುವುದು ಸಾಮಾನ್ಯ. ಗಾಯ, ಅನುತ್ತೀರ್ಣತೆ, ಅಪರೂಪಕ್ಕೆ ಸಾವು ಕೂಡ ಈ ಆತುರದೊಂದಿಗೆ ತಳಕು ಹಾಕಿಕೊಂಡಿವೆ.

ಪರೀಕ್ಷೆಯ ಸ್ವರೂಪ

ಕರ್ನಾಟಕ ರಾಜ್ಯ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಅಧಿಸೂಚನೆಗಳಲ್ಲಿ ಪುರುಷರಿಗೆ 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡುಗಳಲ್ಲಿ ಮುಗಿಸುವುದು, 3.80 ಮೀಟರ್ ಉದ್ದ ಜಿಗಿತ ಅಥವಾ 1.20 ಮೀಟರ್ ಎತ್ತರ ಜಿಗಿತ, ಮತ್ತು 7.26 ಕಿಲೋಗ್ರಾಂ ಗುಂಡನ್ನು 5.60 ಮೀಟರ್ ದೂರಕ್ಕೆ ಎಸೆಯುವುದು ನಿಗದಿಯಾಗಿದೆ. ಮಹಿಳೆಯರಿಗೆ 400 ಮೀಟರ್ ಓಟಕ್ಕೆ 2 ನಿಮಿಷ, ಉದ್ದ ಜಿಗಿತಕ್ಕೆ 2.50 ಮೀಟರ್ ಅಥವಾ ಎತ್ತರ ಜಿಗಿತಕ್ಕೆ 0.90 ಮೀಟರ್, 4 ಕಿಲೋಗ್ರಾಂ ಗುಂಡಿಗೆ 3.75 ಮೀಟರ್ ಇದೆ. ಇದು ಅರ್ಹತಾ ಪರೀಕ್ಷೆ. ಬೇಗ ಓಡಿದವರಿಗೆ ಹೆಚ್ಚುವರಿ ಅಂಕ ಸಿಗುವುದಿಲ್ಲ.

ಸೇನೆಯ ಭರ್ತಿ ರ‍್ಯಾಲಿಗಳಲ್ಲಿ ಹಾಗಲ್ಲ. 2022ರಲ್ಲಿ ಅಗ್ನಿಪಥ ಯೋಜನೆ ಆರಂಭವಾದಾಗ ಸಾಮಾನ್ಯ ಕರ್ತವ್ಯದ ಅಗ್ನಿವೀರರಿಗೆ 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡುಗಳೊಳಗೆ ಮುಗಿಸಿದರೆ 60 ಅಂಕ, 5 ನಿಮಿಷ 45 ಸೆಕೆಂಡುಗಳೊಳಗೆ ಮುಗಿಸಿದರೆ 48 ಅಂಕ ಇತ್ತು. ಅಡ್ಡಪಟ್ಟಿಗೆ ಜೋತುಬಿದ್ದು ಗಲ್ಲ ಮೇಲೇರುವಂತೆ ಹತ್ತು ಬಾರಿ ಮೈಯನ್ನು ಎಳೆದುಕೊಂಡವರಿಗೆ 40 ಅಂಕ ದೊರೆಯುತ್ತಿತ್ತು. ಒಂಬತ್ತು ಅಡಿ ಹಳ್ಳದ ಜಿಗಿತ ಹಾಗೂ ಅಂಕುಡೊಂಕು ಹಲಗೆಯ ಮೇಲಿನ ಸಮತೋಲನದಲ್ಲಿ ತೇರ್ಗಡೆಯಾದರೆ ಸಾಕಾಗಿತ್ತು. ಸಿಬ್ಬಂದಿ ನೇಮಕಾತಿ ಆಯೋಗ ನಡೆಸುವ ಕೇಂದ್ರ ಪಡೆಗಳ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷರು 5 ಕಿ.ಮೀ. ದೂರವನ್ನು 24 ನಿಮಿಷಗಳಲ್ಲಿ, ಮಹಿಳೆಯರು 1.6 ಕಿ.ಮೀ. ದೂರವನ್ನು ಎಂಟೂವರೆ ನಿಮಿಷಗಳಲ್ಲಿ ಓಡಬೇಕು. ಈ ಅಂಕಿಅಂಶಗಳು ನೇಮಕಾತಿಯಿಂದ ನೇಮಕಾತಿಗೆ ಬದಲಾಗುವುದರಿಂದ ಆಯಾ ಅಧಿಸೂಚನೆಯೇ ಪ್ರಮಾಣ.

ಹಿನ್ನೆಲೆ

ಬಲಕ್ಕಾಗಿ ವ್ಯಾಯಾಮವನ್ನೂ ಆಹಾರವನ್ನೂ ಒಟ್ಟಿಗೆ ನಿಯಮಿಸುವ ಕ್ರಮ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದ ಭಾಗವು ಜಟ್ಟಿಗಳನ್ನು ವಯಸ್ಸು, ಗಾತ್ರ ಮತ್ತು ಬಲಕ್ಕೆ ತಕ್ಕಂತೆ ವರ್ಗೀಕರಿಸುತ್ತದೆ. ಅವರ ಅಭ್ಯಾಸವನ್ನೂ ಅರಸ ಒದಗಿಸಬೇಕಾದ ಬೇಳೆಕಾಳು, ಮಾಂಸ, ಹಾಲು ಮೊದಲಾದ ಆಹಾರವನ್ನೂ ಅದು ವಿವರಿಸುತ್ತದೆ. ಮೈಸೂರು ಸೀಮೆಯ ಗರಡಿಮನೆಗಳಲ್ಲಿ ದಂಡ, ಬಸ್ಕಿ, ಗದೆ ತಿರುಗಿಸುವಿಕೆ ಇಂದಿಗೂ ಉಳಿದಿವೆ.

ಆಧುನಿಕ ತರಬೇತಿಯ ಎರಡು ಆಧಾರಸ್ತಂಭಗಳು ಸೇನೆಯ ವೈದ್ಯರಿಂದಲೇ ಬಂದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಗಾಯಗೊಂಡ ಸೈನಿಕರಿಗೆ ಭಾರವನ್ನು ಹಂತಹಂತವಾಗಿ ಏರಿಸುವ ವ್ಯಾಯಾಮವನ್ನು ರೂಪಿಸಿದ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ 12 ನಿಮಿಷಗಳ ಓಟದ ಪರೀಕ್ಷೆಯು ಮೈದಾನದಲ್ಲೇ ದಮ್ಮನ್ನು ಅಳೆಯುವ ಸರಳ ವಿಧಾನವಾಗಿ ಹಲವು ದೇಶಗಳಲ್ಲಿ ಬಳಕೆಗೆ ಬಂತು.

ಓಟದ ತರಬೇತಿ

ಅಭ್ಯರ್ಥಿಗಳು ಹೆಚ್ಚಾಗಿ ಎಡವುವುದು ಓಟದಲ್ಲಿ. 1600 ಮೀಟರ್ ಎಂದರೆ 400 ಮೀಟರ್ ಮೈದಾನದ ನಾಲ್ಕು ಸುತ್ತು. 6 ನಿಮಿಷ 30 ಸೆಕೆಂಡುಗಳ ಗುರಿಗೆ ಪ್ರತಿ ಸುತ್ತಿಗೆ 97 ಸೆಕೆಂಡು, 5 ನಿಮಿಷ 30 ಸೆಕೆಂಡುಗಳ ಗುರಿಗೆ 82 ಸೆಕೆಂಡು ಬೇಕಾಗುತ್ತದೆ. ಗುಂಪಿನ ನೂಕುನುಗ್ಗಲಿನಲ್ಲಿ ಮೊದಲ ಸುತ್ತನ್ನು 75-80 ಸೆಕೆಂಡುಗಳಲ್ಲಿ ಓಡಿದವರು ಮೂರನೇ ಸುತ್ತಿಗೆ ಕಾಲು ಕಟ್ಟಿಹೋಗಿ ನಡೆಯತೊಡಗುವುದು ರ‍್ಯಾಲಿಗಳಲ್ಲಿ ಸಾಮಾನ್ಯ ದೃಶ್ಯ. ಸಮವೇಗದಲ್ಲಿ ಓಡಿದ್ದರೆ ಇಂಥವರಲ್ಲಿ ಅನೇಕರು ತೇರ್ಗಡೆಯಾಗುತ್ತಿದ್ದರು.

ಆರು ನಿಮಿಷಗಳ ಈ ಓಟಕ್ಕೆ ಬೇಕಾದ ಶಕ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಆಮ್ಲಜನಕವನ್ನು ಬಳಸಿಕೊಂಡೇ ಉತ್ಪತ್ತಿಯಾಗುತ್ತದೆ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತವನ್ನು ತಳ್ಳುವಂತಾಗುವುದು, ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುವುದು ಮುಂತಾದ ಬದಲಾವಣೆಗಳು ನಿಧಾನದ, ದೀರ್ಘ ಓಟದಿಂದ ಆಗುತ್ತವೆ. ಆದ್ದರಿಂದ ಮೊದಲ ನಾಲ್ಕರಿಂದ ಆರು ವಾರ ಮಾತನಾಡುತ್ತಾ ಓಡಬಹುದಾದ ವೇಗದಲ್ಲಿ, ವಾರಕ್ಕೆ ಮೂರು-ನಾಲ್ಕು ದಿನ, 20ರಿಂದ 40 ನಿಮಿಷ ಓಡುವುದು ರೂಢಿ. ಹೊಸಬರು ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆಯಿಂದ ಆರಂಭಿಸುತ್ತಾರೆ. ತಳಪಾಯ ಗಟ್ಟಿಯಾದ ಮೇಲೆ ವಾರಕ್ಕೊಮ್ಮೆ 400 ಮೀಟರ್ ದೂರವನ್ನು ಗುರಿಯ ವೇಗದಲ್ಲಿ ನಾಲ್ಕರಿಂದ ಆರು ಬಾರಿ, ನಡುವೆ ಎರಡು-ಮೂರು ನಿಮಿಷ ವಿರಾಮ ಕೊಟ್ಟು ಓಡಲಾಗುತ್ತದೆ. ಪೂರ್ಣ ದೂರವನ್ನು ಗಡಿಯಾರ ಹಿಡಿದು ಓಡುವುದು ಎರಡು-ಮೂರು ವಾರಕ್ಕೊಮ್ಮೆ ಸಾಕು. ದಿನವೂ 1600 ಮೀಟರ್ ಓಡಿ ಸಮಯ ನೋಡಿಕೊಳ್ಳುವವರ ಪ್ರಗತಿ ಬೇಗ ನಿಂತುಹೋಗುತ್ತದೆ. ಪರೀಕ್ಷೆಗೆ ಹತ್ತು-ಹದಿನಾಲ್ಕು ದಿನ ಇರುವಾಗ ವೇಗವನ್ನು ಹಾಗೇ ಉಳಿಸಿಕೊಂಡು ಒಟ್ಟು ದೂರವನ್ನು ಸುಮಾರು ಅರ್ಧಕ್ಕೆ ಇಳಿಸಿದರೆ ದೇಹ ದಣಿವಾರಿಸಿಕೊಳ್ಳುತ್ತದೆ.

ಹೃದಯ ಮತ್ತು ಸ್ನಾಯುಗಳು ಹೊಂದಿಕೊಂಡಷ್ಟು ಬೇಗ ಎಲುಬು, ಸ್ನಾಯುರಜ್ಜುಗಳು ಹೊಂದಿಕೊಳ್ಳುವುದಿಲ್ಲ. ಓಟ ಆರಂಭಿಸಿದ ಕೆಲವು ವಾರಗಳಲ್ಲಿ ಮುಂಗಾಲಿನ ಎಲುಬಿನ ಒಳಅಂಚಿನಲ್ಲಿ ಕಾಣಿಸಿಕೊಳ್ಳುವ ನೋವಿಗೆ ಇದೇ ಕಾರಣ. ಡಾಂಬರು ರಸ್ತೆಗಿಂತ ಮಣ್ಣಿನ ಮೈದಾನದಲ್ಲಿ ಓಡುವುದು, ದೂರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುವುದು ಪರಿಹಾರ. ನೋವು ಒಂದೇ ಬಿಂದುವಿನಲ್ಲಿದ್ದು, ಬೆರಳಿನಿಂದ ಒತ್ತಿದಾಗ ಚುಚ್ಚಿದಂತಾದರೆ ಎಲುಬಿನಲ್ಲಿ ಸೂಕ್ಷ್ಮ ಬಿರುಕು ಮೂಡಿರಬಹುದು. ಅಂಥ ಸ್ಥಿತಿಯಲ್ಲಿ ಓಟ ಮುಂದುವರಿಸಿದರೆ ಆ ವರ್ಷದ ನೇಮಕಾತಿಯೇ ಕೈತಪ್ಪಬಹುದು.

ಬಲ, ಜಿಗಿತ ಮತ್ತು ಗುಂಡು ಎಸೆತ

ಬಲದ ಅಭ್ಯಾಸದ ಮೊದಲ ಆರೆಂಟು ವಾರಗಳಲ್ಲಿ ಕಾಣುವ ಸುಧಾರಣೆ ಬಹುಮಟ್ಟಿಗೆ ನರವ್ಯೂಹದ್ದು. ಇರುವ ಸ್ನಾಯುವನ್ನೇ ಮೆದುಳು ಹೆಚ್ಚು ಸಮರ್ಥವಾಗಿ ದುಡಿಸಲು ಕಲಿಯುತ್ತದೆ. ಸ್ನಾಯು ದಪ್ಪವಾಗುವುದು ಅನಂತರ. ಜಿಮ್ ಇಲ್ಲದ ಊರಿನಲ್ಲೂ ಬಸ್ಕಿ, ದಂಡ, ಮೆಟ್ಟಿಲು ಏರುವಿಕೆ, ಮರಳು ತುಂಬಿದ ಚೀಲ ಎತ್ತುವಿಕೆಗಳಿಂದ ಈ ಹಂತವನ್ನು ದಾಟಬಹುದು. ವಾರಕ್ಕೆ ಎರಡು-ಮೂರು ದಿನ ಸಾಕಾಗುತ್ತದೆ. ಆದರೆ ಎಣಿಕೆಯೋ ಭಾರವೋ ಕ್ರಮೇಣ ಏರುತ್ತಿರಬೇಕು. ಅಡ್ಡಪಟ್ಟಿಯಲ್ಲಿ ಒಮ್ಮೆಯೂ ಮೇಲೇರಲಾಗದವರು ಕುರ್ಚಿಯ ನೆರವಿನಿಂದ ಮೇಲೇರಿ ಐದು ಸೆಕೆಂಡುಗಳಲ್ಲಿ ನಿಧಾನವಾಗಿ ಕೆಳಗಿಳಿಯುವ ಅಭ್ಯಾಸದಿಂದ ಆರಂಭಿಸುತ್ತಾರೆ.

ಗುಂಡು ಎಸೆತ ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು. ನಿಯಮದ ಪ್ರಕಾರ ಗುಂಡನ್ನು ಕುತ್ತಿಗೆಗೆ ತಾಗಿಸಿಕೊಂಡು ಒಂದೇ ಕೈಯಿಂದ ತಳ್ಳಬೇಕು. ಭುಜದ ಹಿಂದಕ್ಕೆ ಒಯ್ದು ಚೆಂಡಿನಂತೆ ಬೀಸುವುದು ತಪ್ಪು. ಬಲ ಹುಟ್ಟುವುದು ಮಡಿಸಿದ ಮೊಣಕಾಲು ಮತ್ತು ಸೊಂಟದ ತಿರುವಿನಿಂದ. ತೋಳು ಕೊನೆಯ ಕೊಂಡಿ ಮಾತ್ರ. ದಷ್ಟಪುಷ್ಟ ಅಭ್ಯರ್ಥಿ 5 ಮೀಟರ್‌ಗೇ ನಿಂತು, ಸಣಕಲು ಮೈಯವನು 6 ಮೀಟರ್ ದಾಟುವುದಕ್ಕೆ ಕಾರಣ ಇದೇ. ಉದ್ದ ಜಿಗಿತದಲ್ಲೂ ಓಟದ ಹೆಜ್ಜೆಗಳನ್ನು ಅಳೆದು ಗುರುತು ಮಾಡಿಕೊಳ್ಳದವರು ಗೆರೆ ತುಳಿದು ಅವಕಾಶ ಕಳೆದುಕೊಳ್ಳುತ್ತಾರೆ.

ಆಹಾರ

ಅಭ್ಯರ್ಥಿಗಳಲ್ಲಿ ಪ್ರೋಟೀನ್ ಪುಡಿಯ ಚರ್ಚೆ ಹೆಚ್ಚು, ಒಟ್ಟು ಆಹಾರದ ಚರ್ಚೆ ಕಡಿಮೆ. ಓಟ ಹೆಚ್ಚಿಸಿದವರಿಗೆ ಮೊದಲು ಬೇಕಾಗುವುದು ಸಾಕಷ್ಟು ಅನ್ನ, ಮುದ್ದೆ, ರೊಟ್ಟಿ. ಸ್ನಾಯುಗಳಲ್ಲಿ ಸಂಗ್ರಹವಾಗುವ ಗ್ಲೈಕೋಜನ್ ಈ ಪಿಷ್ಟದಿಂದಲೇ ಬರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ಶಿಫಾರಸು ಮಾಡಿದ ಪ್ರೋಟೀನ್ ಪ್ರಮಾಣ ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಕಠಿಣ ತರಬೇತಿಯಲ್ಲಿರುವವರಿಗೆ ಕ್ರೀಡಾ ಪೋಷಣಾ ತಜ್ಞರು 1.2ರಿಂದ 2 ಗ್ರಾಂ ಸೂಚಿಸುತ್ತಾರೆ. 1.4 ಗ್ರಾಂ ಎಂದು ಹಿಡಿದರೆ 60 ಕಿಲೋಗ್ರಾಂ ತೂಗುವವರಿಗೆ 84 ಗ್ರಾಂ ಬೇಕು. ಇದನ್ನು ಸಾಮಾನ್ಯ ಅಡುಗೆಯಿಂದಲೇ ಪೂರೈಸಬಹುದು: 200 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 14 ಗ್ರಾಂ, 200 ಗ್ರಾಂ ಅಕ್ಕಿಯಲ್ಲಿ ಅಷ್ಟೇ, 100 ಗ್ರಾಂ ಹುರಳಿ ಅಥವಾ ಕಡಲೆಯಲ್ಲಿ 20 ಗ್ರಾಂ, ಒಂದು ಹಿಡಿ ಅಂದರೆ 50 ಗ್ರಾಂ ಕಡಲೆಕಾಯಿ ಬೀಜದಲ್ಲಿ 12 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16 ಗ್ರಾಂ, ಎರಡು ಮೊಟ್ಟೆಗಳಲ್ಲಿ 12 ಗ್ರಾಂ. ಮೊಟ್ಟೆ ತಿನ್ನದವರು ಅದರ ಬದಲಿಗೆ ಕಾಳನ್ನೋ ಹಾಲನ್ನೋ ಹೆಚ್ಚಿಸಿಕೊಳ್ಳಬಹುದು. ಹಸಿ ಮೊಟ್ಟೆ ಕುಡಿದರೆ ಹೆಚ್ಚು ಬಲ ಬರುತ್ತದೆ ಎಂಬ ನಂಬಿಕೆ ಬಲವಾಗಿದ್ದರೂ, ಬೇಯಿಸಿದ ಮೊಟ್ಟೆಯ ಪ್ರೋಟೀನ್ ಹಸಿಯದಕ್ಕಿಂತ ಬಹಳ ಹೆಚ್ಚು ಜೀರ್ಣವಾಗುತ್ತದೆ.

ಓಟದ ಸಮಯ ಸುಧಾರಿಸದಿರುವುದಕ್ಕೆ ಕಡೆಗಣಿಸಲ್ಪಡುವ ಕಾರಣ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು, ಪುರುಷರಲ್ಲಿ ಶೇಕಡಾ 25ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಕಡಿಮೆಯಿದ್ದಾಗ ಎಷ್ಟು ಅಭ್ಯಾಸ ಮಾಡಿದರೂ ಉಸಿರು ಸಾಲುವುದಿಲ್ಲ. ತರಬೇತಿಯ ಆರಂಭದಲ್ಲೇ ಮಾಡಿಸುವ ಒಂದು ರಕ್ತಪರೀಕ್ಷೆ ದುಬಾರಿ ಪುಡಿಡಬ್ಬಿಗಿಂತ ಹೆಚ್ಚು ಉಪಯುಕ್ತ. ಸೊಪ್ಪು, ಮೊಳಕೆಕಾಳುಗಳ ಜೊತೆ ನಿಂಬೆರಸ ಅಥವಾ ನೆಲ್ಲಿಕಾಯಿ ಸೇವಿಸಿದರೆ ಕಬ್ಬಿಣದ ಹೀರಿಕೆ ಹೆಚ್ಚುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ, ಕಾಫಿ ಅದನ್ನು ತಗ್ಗಿಸುತ್ತವೆ.

ಪರೀಕ್ಷೆಯ ದಿನ ಎರಡು-ಮೂರು ಗಂಟೆ ಮೊದಲು ಇಡ್ಲಿ, ಬಾಳೆಹಣ್ಣಿನಂಥ ಹಗುರ ಆಹಾರ ಸೂಕ್ತ. ಆದರೆ ದೂರದ ಊರುಗಳಿಂದ ರಾತ್ರಿ ಬಸ್ಸಿನಲ್ಲಿ ಬಂದು ಬೆಳಗಿನ ಜಾವದಿಂದ ಸರದಿಯಲ್ಲಿ ನಿಂತು, ಬಿಸಿಲೇರಿದ ಮೇಲೆ ಖಾಲಿ ಹೊಟ್ಟೆಯಲ್ಲಿ ಓಡುವ ಅಭ್ಯರ್ಥಿಗಳೇ ಹೆಚ್ಚು. ಹಿಂದಿನ ರಾತ್ರಿಯ ಊಟ, ಜೊತೆಗೆ ಒಯ್ಯುವ ಬಾಳೆಹಣ್ಣು, ಬೆಲ್ಲ, ನೀರು ಆಗ ನಿರ್ಣಾಯಕವಾಗುತ್ತವೆ. ಅಂದು ಮೊದಲ ಬಾರಿಗೆ ಎನರ್ಜಿ ಡ್ರಿಂಕ್ ಕುಡಿಯುವುದರಿಂದ ಎದೆಬಡಿತ ಏರಿ ಹೊಟ್ಟೆ ಕೆಡುವ ಸಂಭವವಿದೆ.

ದೇಹದ ಅಳತೆಗಳು

ಕರ್ನಾಟಕದಲ್ಲಿ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರ ಎತ್ತರ ಸಾಮಾನ್ಯವಾಗಿ 168 ಸೆಂ.ಮೀ. ಇರಬೇಕು. ಎದೆಯ ಸುತ್ತಳತೆ 86 ಸೆಂ.ಮೀ. ಇದ್ದು, ಉಸಿರೆಳೆದಾಗ 5 ಸೆಂ.ಮೀ. ಹಿಗ್ಗಬೇಕು. ಮಹಿಳೆಯರಿಗೆ 157 ಸೆಂ.ಮೀ. ಎತ್ತರ, 45 ಕಿಲೋಗ್ರಾಂ ತೂಕ ನಿಗದಿಯಾಗಿದೆ. ಎಲುಬಿನ ಬೆಳವಣಿಗೆಯ ಪದರ ಮುಚ್ಚಿದ ಮೇಲೆ ಯಾವ ಪುಡಿಯೂ ಎತ್ತರವನ್ನು ಹೆಚ್ಚಿಸುವುದಿಲ್ಲ. ಬೆನ್ನೆಲುಬಿನ ತಟ್ಟೆಗಳು ದಿನವಿಡೀ ಕುಗ್ಗುವುದರಿಂದ ಬೆಳಗಿನ ಅಳತೆ ಸಂಜೆಯದಕ್ಕಿಂತ ಸುಮಾರು ಒಂದು ಸೆಂ.ಮೀ. ಹೆಚ್ಚಿರುತ್ತದೆ, ಅಷ್ಟೇ. ಎದೆಯ ಹಿಗ್ಗುವಿಕೆ ಆಳ ಉಸಿರಾಟದ ಅಭ್ಯಾಸದಿಂದ ಸುಧಾರಿಸಬಲ್ಲದು. ತೂಕದ ಕೊರತೆ ನೀಗಲು ಡಜನ್‌ಗಟ್ಟಲೆ ಬಾಳೆಹಣ್ಣು ತಿಂದು ನೀರು ಕುಡಿದವರು, ಓಟವೂ ಅದೇ ದಿನವಿದ್ದರೆ, ಅದಕ್ಕೆ ಬೆಲೆ ತೆರುತ್ತಾರೆ.

ಅಪಾಯಗಳು

2024ರ ಆಗಸ್ಟ್ ತಿಂಗಳ ಕೊನೆಯ ಭಾಗದಲ್ಲಿ ಝಾರ್ಖಂಡ್‌ನ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಗಳ ವೇಳೆ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಮೃತಪಟ್ಟರು. ಪುರುಷರು 60 ನಿಮಿಷಗಳಲ್ಲಿ 10 ಕಿ.ಮೀ. ಓಡಬೇಕಿತ್ತು. ವೇಗದ ದೃಷ್ಟಿಯಿಂದ ಇದು 1600 ಮೀಟರ್ ಓಟದ ಗುರಿಗಿಂತ ನಿಧಾನ. ಆದರೆ ಸೆಕೆಯ ದಿನಗಳಲ್ಲಿ ಒಂದು ಗಂಟೆಯ ನಿರಂತರ ಓಟದಲ್ಲಿ ದೇಹದೊಳಗೆ ಸಂಗ್ರಹವಾಗುವ ಶಾಖ ಆರು ನಿಮಿಷಗಳ ಓಟದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ರಾಜ್ಯ ಸರ್ಕಾರ ಸೆಪ್ಟೆಂಬರ್ ಆರಂಭದಲ್ಲಿ ಪರೀಕ್ಷೆಗಳನ್ನು ಮೂರು ದಿನ ನಿಲ್ಲಿಸಿ, ನಿಯಮಗಳ ಮರುಪರಿಶೀಲನೆಗೆ ಆದೇಶಿಸಿತು.

ಶ್ರಮಜನ್ಯ ಶಾಖಾಘಾತದಲ್ಲಿ ದೇಹದ ಒಳತಾಪ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ತೂರಾಟ, ಅಸಂಬದ್ಧ ಮಾತು, ಕುಸಿತ ಅದರ ಲಕ್ಷಣಗಳು. ಮೈ ಬೆವರುತ್ತಿದ್ದರೂ ಶಾಖಾಘಾತವಾಗಿರಬಹುದು. ಮೈದಾನದಲ್ಲೇ ತಣ್ಣೀರಿನಲ್ಲಿ ಮುಳುಗಿಸಿ, ಅದು ಸಾಧ್ಯವಿಲ್ಲದಿದ್ದರೆ ಮೈತುಂಬ ನೀರು ಸುರಿದು ಗಾಳಿ ಹಾಕಿ ತಂಪುಗೊಳಿಸಿದ ನಂತರ ಆಸ್ಪತ್ರೆಗೆ ಸಾಗಿಸುವುದು ಅಂಗೀಕೃತ ಕ್ರಮ. ಮೊದಲ ಅರ್ಧ ಗಂಟೆಯೊಳಗೆ ತಾಪ ಇಳಿದರೆ ಬದುಕುಳಿಯುವ ಸಾಧ್ಯತೆ ಬಹಳ ಹೆಚ್ಚು. ಬಿಸಿಲಿಗೆ ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕಾಗುವುದರಿಂದ, ಸದಾ ಮುಂಜಾನೆಯ ತಂಪಿನಲ್ಲಿ ಓಡಿದವರಿಗೂ ಮಧ್ಯಾಹ್ನದ ಪರೀಕ್ಷೆ ಅಪಾಯಕರ. ಜ್ವರ, ಭೇದಿ ಇದ್ದಾಗ ಓಡುವುದು ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಅಭ್ಯಾಸವಿಲ್ಲದವರು ಒಮ್ಮೆಲೇ ನೂರಾರು ಬಸ್ಕಿ ಹೊಡೆದಾಗ ಸ್ನಾಯುಕೋಶಗಳು ಒಡೆದು, ಅವುಗಳ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ವಿಪರೀತ ಸ್ನಾಯುನೋವಿನ ಜೊತೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ತಕ್ಷಣ ಚಿಕಿತ್ಸೆ ಬೇಕು. ಕುಡಗೋಲು ಕಣ ವಂಶವಾಹಿಯನ್ನು ಒಂದು ಪ್ರತಿಯಾಗಿ ಪಡೆದವರು ದೈನಂದಿನ ಜೀವನದಲ್ಲಿ ಆರೋಗ್ಯವಾಗಿಯೇ ಇದ್ದರೂ, ಸೆಕೆಯಲ್ಲಿ ಅತಿ ಶ್ರಮಪಟ್ಟಾಗ ಇಂಥ ಕುಸಿತಕ್ಕೆ ಒಳಗಾಗುವ ಸಂಭವ ಹೆಚ್ಚು. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಬುಡಕಟ್ಟು ಸಮುದಾಯಗಳಲ್ಲಿ ಈ ವಂಶವಾಹಿ ಕಂಡುಬರುತ್ತದೆ. ಅದಿದ್ದವರು ಓಟವನ್ನು ಬಿಡಬೇಕಾಗಿಲ್ಲ. ಭಾರವನ್ನು ನಿಧಾನವಾಗಿ ಏರಿಸುವುದು, ಸಾಕಷ್ಟು ನೀರು ಕುಡಿಯುವುದು, ಸ್ನಾಯು ಸೆಳೆದಂತಾದ ಕೂಡಲೇ ನಿಲ್ಲಿಸುವುದು ಅವರಿಗೆ ವೈದ್ಯರು ನೀಡುವ ಸಲಹೆ.