ಹೃಷೀಕೇಶತೀರ್ಥರ ಸರ್ವಮೂಲ ತಾಡವಾಲೆ ಪ್ರತಿ

ಹೃಷೀಕೇಶತೀರ್ಥರ ಸರ್ವಮೂಲ ತಾಡವಾಲೆ ಪ್ರತಿಯು ದ್ವೈತ ಮತ ಸ್ಥಾಪಕರಾದ ಮಧ್ವಾಚಾರ್ಯರ ಕೃತಿಗಳ ಹಸ್ತಪ್ರತಿ. ಆಚಾರ್ಯರ ನೇರ ಶಿಷ್ಯರೂ ಉಡುಪಿಯ ಪಲಿಮಾರು ಮಠದ ಮೊದಲ ಯತಿಗಳೂ ಆದ ಹೃಷೀಕೇಶತೀರ್ಥರೇ ಇದನ್ನು ಸ್ವಹಸ್ತದಿಂದ ಬರೆದರೆಂಬುದು ಸಂಪ್ರದಾಯದ ನಂಬಿಕೆ. ಭಾಷೆ ಸಂಸ್ಕೃತ, ಲಿಪಿ ತುಳು. ಸುಮಾರು 700 ವರ್ಷಗಳಷ್ಟು ಹಳೆಯದಾದ ಈ ಓಲೆಕಟ್ಟು ಪಲಿಮಾರು ಮಠದ ಆಸ್ತಿಯಾಗಿ ಉಳಿದುಬಂದಿದೆ. ಮಧ್ವರ ಗ್ರಂಥಗಳ ಮೂಲಪಾಠವನ್ನು ನಿರ್ಣಯಿಸುವಲ್ಲಿ ಇದು ಪ್ರಮುಖ ಆಧಾರವೆಂದು ಪರಿಗಣಿತವಾಗಿದೆ.

ಹಿನ್ನೆಲೆ

ಉಡುಪಿಯ ಸಮೀಪದ ಪಾಜಕ ಕ್ಷೇತ್ರದಲ್ಲಿ ಜನಿಸಿದ ಮಧ್ವಾಚಾರ್ಯರ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. 1238–1317 ಎಂದು ಗಣಿಸಲಾಗುತ್ತದೆ. ಅವರ ಸಮಸ್ತ ಕೃತಿಗಳಿಗೆ ಒಟ್ಟಾಗಿ 'ಸರ್ವಮೂಲ' ಎಂಬ ಹೆಸರಿದೆ. ಸಂಪ್ರದಾಯದ ಗಣನೆಯಂತೆ ಇವು 37.

ಆಚಾರ್ಯರು ಹೇಳುತ್ತಿದ್ದುದನ್ನು ಶಿಷ್ಯರು ಬರೆದುಕೊಳ್ಳುವುದು ರೂಢಿಯಾಗಿತ್ತೆಂದು ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಿಂದ ತಿಳಿಯುತ್ತದೆ. ಅನುವ್ಯಾಖ್ಯಾನದ ನಾಲ್ಕು ಅಧ್ಯಾಯಗಳನ್ನು ಆಚಾರ್ಯರು ನಾಲ್ವರು ಶಿಷ್ಯರಿಗೆ ಏಕಕಾಲದಲ್ಲಿ ಹೇಳಿ ಬರೆಸಿದರೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಅದೇ ಕಾವ್ಯದಲ್ಲಿ ಆಚಾರ್ಯರ ಪುಸ್ತಕಭಂಡಾರವನ್ನು ಪ್ರತಿಪಕ್ಷದವರು ಅಪಹರಿಸಿದ ವೃತ್ತಾಂತವೂ ಬರುತ್ತದೆ. ಇಂದಿನ ಕಾಸರಗೋಡು ಜಿಲ್ಲೆಯ ಕುಂಬಳೆಯ ಅರಸ ಜಯಸಿಂಹನ ನೆರವಿನಿಂದ ಆ ಗ್ರಂಥಗಳು ಮರಳಿ ದೊರೆತವು. ಮುದ್ರಣವಿಲ್ಲದ ಕಾಲದಲ್ಲಿ ಒಂದು ಓಲೆಕಟ್ಟು ಕಳೆದರೆ ಒಂದು ಗ್ರಂಥವೇ ನಷ್ಟವಾಗಬಹುದಾಗಿತ್ತು. ಆದ್ದರಿಂದ ಪ್ರತಿ ಮಾಡಿಡುವುದು ಶಿಷ್ಯರ ಪಾಲಿಗೆ ಅಧ್ಯಯನವೂ ಗುರುಸೇವೆಯೂ ಆಗಿತ್ತು.

ಲಿಪಿಕಾರರು

ಹೃಷೀಕೇಶತೀರ್ಥರು ಉಡುಪಿಯ ಶ್ರೀಕೃಷ್ಣನ ಪೂಜೆಗಾಗಿ ಮಧ್ವಾಚಾರ್ಯರು ಸನ್ಯಾಸ ನೀಡಿದ ಎಂಟು ಮಂದಿ ಯತಿಗಳಲ್ಲಿ ಒಬ್ಬರು. ಇವರ ಪರಂಪರೆಯೇ ಪಲಿಮಾರು ಮಠ. ಅಷ್ಟಮಠಗಳ ಪರ್ಯಾಯ ಕ್ರಮದಲ್ಲಿ ಈ ಮಠ ಮೊದಲನೆಯದು. ಆಚಾರ್ಯರ ಜೀವನ ಹಾಗೂ ಸಂಪ್ರದಾಯದ ವಿವರಗಳನ್ನು ತಿಳಿಸುವ 'ಸಂಪ್ರದಾಯಪದ್ಧತಿ' ಎಂಬ ಕೃತಿಯನ್ನೂ ಇವರ ಹೆಸರಿನಲ್ಲಿ ಹೇಳುವುದುಂಟು.

ಹಸ್ತಪ್ರತಿಯ ಸ್ವರೂಪ

ಕಟ್ಟಿನಲ್ಲಿ ಸುಮಾರು 340 ಓಲೆಗಳಿವೆ. ಪ್ರತಿಯೊಂದು ಓಲೆ ಸುಮಾರು 26 ಇಂಚು ಉದ್ದ, 2 ಇಂಚು ಅಗಲವಿದ್ದು, ಎರಡು ಕಡೆ ರಂಧ್ರ ಕೊರೆದು ದಾರದಿಂದ ಪೋಣಿಸಲಾಗಿದೆ. ಮೇಲೆ ಕೆಳಗೆ ಮರದ ಹಲಗೆಗಳ ರಕ್ಷಣೆಯಿದೆ. ಬರಹವು ಓಲೆಯ ಎರಡೂ ಬದಿಗಳಲ್ಲಿದೆ.

ತುಳು ಲಿಪಿಗೆ ತಿಗಳಾರಿ ಎಂಬ ಹೆಸರೂ ಇದೆ. ಗ್ರಂಥ ಲಿಪಿಯಿಂದ ಬೆಳೆದು ಮಲಯಾಳ ಲಿಪಿಗೆ ಹತ್ತಿರವಾಗಿರುವ ಇದನ್ನು ಕರಾವಳಿ ಮತ್ತು ಮಲೆನಾಡಿನಲ್ಲಿ ವೇದ, ಶಾಸ್ತ್ರ ಮೊದಲಾದ ಸಂಸ್ಕೃತ ಗ್ರಂಥಗಳನ್ನು ಬರೆಯಲು ಹೆಚ್ಚಾಗಿ ಬಳಸುತ್ತಿದ್ದರು. ಇಂದು ಇದನ್ನು ಸರಾಗವಾಗಿ ಓದಬಲ್ಲವರು ವಿರಳ. 2024ರಲ್ಲಿ ಯೂನಿಕೋಡ್‌ನ 16.0 ಆವೃತ್ತಿಯಲ್ಲಿ 'ತುಳು-ತಿಗಳಾರಿ' ಹೆಸರಿನಿಂದ ಈ ಲಿಪಿಗೆ ಸ್ಥಾನ ದೊರೆಯಿತು.

ಒಳಗೊಂಡ ಕೃತಿಗಳು

ಸಂರಕ್ಷಣಾ ಯೋಜನೆಯ ವಿವರಗಳಂತೆ ಕಟ್ಟಿನಲ್ಲಿ 36 ಕೃತಿಗಳಿವೆ. ಸರ್ವಮೂಲದ ಕೃತಿಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು:

• ಬ್ರಹ್ಮಸೂತ್ರಗಳನ್ನು ಕುರಿತವು: ಭಾಷ್ಯ, ಅಣುಭಾಷ್ಯ, ಅನುವ್ಯಾಖ್ಯಾನ, ನ್ಯಾಯವಿವರಣ
• ಭಗವದ್ಗೀತೆಯನ್ನು ಕುರಿತವು: ಗೀತಾಭಾಷ್ಯ, ಗೀತಾತಾತ್ಪರ್ಯ
• ಹತ್ತು ಉಪನಿಷತ್ತುಗಳ ಭಾಷ್ಯಗಳು
• ಋಗ್ವೇದದ ಮೊದಲ 40 ಸೂಕ್ತಗಳಿಗೆ ಬರೆದ ಋಗ್ಭಾಷ್ಯ
• ಮಹಾಭಾರತತಾತ್ಪರ್ಯನಿರ್ಣಯ, ಭಾಗವತತಾತ್ಪರ್ಯನಿರ್ಣಯ
• ತತ್ತ್ವವಿಚಾರದ ಹತ್ತು ಪ್ರಕರಣಗ್ರಂಥಗಳು
• ದ್ವಾದಶಸ್ತೋತ್ರ ಮೊದಲಾದ ಸ್ತೋತ್ರಗಳು, ತಂತ್ರಸಾರಸಂಗ್ರಹ, ಸದಾಚಾರಸ್ಮೃತಿ ಮೊದಲಾದ ಆಚಾರಗ್ರಂಥಗಳು

ಪಾಠನಿರ್ಣಯದಲ್ಲಿ ಮಹತ್ವ

ಕೈಯಿಂದ ಕೈಗೆ ಪ್ರತಿಯಾಗುವ ಗ್ರಂಥದಲ್ಲಿ ಅಕ್ಷರಗಳು ಪಲ್ಲಟವಾಗುವುದು, ಸಾಲು ಬಿಟ್ಟುಹೋಗುವುದು, ಅಂಚಿನಲ್ಲಿ ಬರೆದ ಟಿಪ್ಪಣಿ ಮೂಲದೊಳಗೆ ಸೇರುವುದು ಸಾಮಾನ್ಯ. ಒಂದು ಲಿಪಿಯಿಂದ ಮತ್ತೊಂದು ಲಿಪಿಗೆ ಇಳಿಸುವಾಗ ದೋಷಗಳು ಇನ್ನಷ್ಟು ಹೆಚ್ಚುತ್ತವೆ. ಮಧ್ವರ ಗ್ರಂಥಗಳು ಮೊದಲಿಗೆ ಕುಂಭಕೋಣದ ಟಿ.ಆರ್. ಕೃಷ್ಣಾಚಾರ್ಯರ ಸಂಪಾದನೆಯಲ್ಲಿ ನಾಗರಿ ಲಿಪಿಯಲ್ಲಿ ಮುದ್ರಣಗೊಂಡು ವ್ಯಾಪಕ ಪ್ರಚಾರ ಪಡೆದವು. ಅನಂತರ ಬನ್ನಂಜೆ ಗೋವಿಂದಾಚಾರ್ಯರು (1936–2020) ಹೃಷೀಕೇಶತೀರ್ಥರ ಪ್ರತಿಯನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಸರ್ವಮೂಲವನ್ನು ಐದು ಸಂಪುಟಗಳಲ್ಲಿ ಸಂಪಾದಿಸಿದರು. ಪ್ರಚಲಿತ ಪಾಠಕ್ಕಿಂತ ಭಿನ್ನವಾದ ಅನೇಕ ಪಾಠಗಳು ಇದರಿಂದ ಬೆಳಕಿಗೆ ಬಂದವು.

ಈ ಭಿನ್ನಪಾಠಗಳನ್ನು ಎಲ್ಲ ವಿದ್ವಾಂಸರೂ ಒಂದೇ ರೀತಿಯಲ್ಲಿ ಸ್ವೀಕರಿಸುವುದಿಲ್ಲ. ಮಧ್ವರ ಗ್ರಂಥಗಳಿಗೆ ಟೀಕೆ ಬರೆದು ಟೀಕಾಚಾರ್ಯರೆಂದೇ ಖ್ಯಾತರಾದ 14ನೆಯ ಶತಮಾನದ ಜಯತೀರ್ಥರು ಎತ್ತಿಕೊಂಡ ಮೂಲವಾಕ್ಯಗಳಿಗೆ ಹೊಂದುವ ಪಾಠವೇ ಪ್ರಮಾಣವೆಂಬುದು ಒಂದು ನಿಲುವು. ಗುರುಗಳ ಬಳಿಯಲ್ಲೇ ಇದ್ದ ಶಿಷ್ಯರ ಬರಹಕ್ಕೆ ಮೊದಲ ಮಾನ್ಯತೆ ಸಲ್ಲಬೇಕೆಂಬುದು ಮತ್ತೊಂದು. ಮೊದಲನೆಯದು ಶತಮಾನಗಳ ಪಾಠಪರಂಪರೆಯನ್ನೂ ಎರಡನೆಯದು ಕಾಲದ ಸಾಮೀಪ್ಯವನ್ನೂ ಆಧರಿಸಿದೆ.

ಮಧ್ವರು ಉದಾಹರಿಸುವ ಕೆಲವು ವಚನಗಳ ಆಕರಗ್ರಂಥಗಳು ಈಗ ದೊರೆಯುವುದಿಲ್ಲ. ಈ ಕುರಿತು ಹಿಂದಿನಿಂದಲೂ ವಾದವಿದೆ. ಇಂತಹ ವಚನವೊಂದು ಶಿಷ್ಯರ ಪ್ರತಿಯಲ್ಲಿಯೇ ಇದ್ದರೆ ಅದು ಬಹುಕಾಲದ ಅನಂತರ ಸೇರಿದ ಪ್ರಕ್ಷೇಪವಲ್ಲವೆಂದು ಹೇಳಬಹುದು. ಆದರೆ ಅದರ ಆಕರ ಯಾವುದೆಂಬ ಪ್ರಶ್ನೆಗೆ ಹಸ್ತಪ್ರತಿಯೊಂದರಿಂದಲೇ ಉತ್ತರ ದೊರೆಯದು.

ಶಿಥಿಲಾವಸ್ಥೆ ಮತ್ತು ಸಂರಕ್ಷಣೆ

ತಾಡವಾಲೆಗೆ ತೇವ, ಕೀಟ ಮತ್ತು ಅತಿಯಾದ ಒಣಗುವಿಕೆ ಶತ್ರುಗಳು. ಓಲೆ ಬಿರಿಯದಂತೆ ಎಣ್ಣೆ ಸವರುವ ಪದ್ಧತಿ ಹಿಂದಿನಿಂದ ಇದೆ. ಈ ಪ್ರತಿಯಲ್ಲಿ ಹಳೆಯ ಸಂರಕ್ಷಣಾ ಕ್ರಮಗಳೇ ಓಲೆಯ ಬಣ್ಣವನ್ನು ಕಪ್ಪಾಗಿಸಿ ಅಕ್ಷರಗಳನ್ನು ಮಸುಕುಗೊಳಿಸಿದ್ದವು. ಅಂಚುಗಳು ಮುರಿದು ಉದುರುತ್ತಿದ್ದವು. ಸುಮಾರು ಶೇ. 15ರಷ್ಟು ಭಾಗ ನಷ್ಟವಾಗಿತ್ತು.

ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪ್ರಾಧ್ಯಾಪಕ ಪಿ.ಆರ್. ಮುಕುಂದ್ ಮತ್ತು ಚಿತ್ರಣವಿಜ್ಞಾನಿ ರೋಜರ್ ಈಸ್ಟನ್ ಅವರು 2005ರ ಡಿಸೆಂಬರ್‌ನಲ್ಲಿ ಉಡುಪಿಗೆ ಬಂದು ಪ್ರತಿಯನ್ನು ಪರಿಶೀಲಿಸಿದರು. 2006ರ ಜೂನ್‌ನಲ್ಲಿ ತಂಡವು ಆರು ದಿನ ಛಾಯಾಗ್ರಹಣ ನಡೆಸಿತು. ಈಸ್ಟನ್ ಅವರು ಇದಕ್ಕೆ ಮೊದಲು ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನ ಕೃತಿಗಳಿರುವ, ಅಳಿಸಿ ಮೇಲೆ ಬೇರೆ ಬರಹ ಬರೆದಿದ್ದ ಚರ್ಮದ ಪುಸ್ತಕವನ್ನು ಓದುವ ಕಾರ್ಯದಲ್ಲಿ ತೊಡಗಿದ್ದವರು.

ಬರಿಗಣ್ಣಿಗೆ ಕಪ್ಪಾದ ಓಲೆಯೂ ಮಸಿಯೂ ಒಂದೇ ಬಣ್ಣದಂತೆ ತೋರುತ್ತವೆ. ಅವಕೆಂಪು ಕಿರಣಗಳಲ್ಲಿ ಮಸಿ ಕಪ್ಪಾಗಿಯೇ ಉಳಿದು ಓಲೆ ಬೆಳ್ಳಗೆ ಕಾಣುವುದರಿಂದ ಅಕ್ಷರಗಳು ಎದ್ದುತೋರುತ್ತವೆ. ಹೀಗೆ ಓಲೆಯ ಪ್ರತಿ ಬದಿಯನ್ನೂ 8ರಿಂದ 10 ಭಾಗಗಳಲ್ಲಿ ಚಿತ್ರಿಸಿ ಗಣಕಯಂತ್ರದಲ್ಲಿ ಜೋಡಿಸಲಾಯಿತು. ಒಟ್ಟು ಚಿತ್ರಗಳು ಸುಮಾರು 7,900. ದೀರ್ಘಕಾಲ ಬಾಳುವ ಮಾಧ್ಯಮವಾಗಿ ಸಿಲಿಕಾನ್ ಬಿಲ್ಲೆಗಳ ಮೇಲೆ ಲೋಹದ ಲೇಪದಿಂದ ಚಿತ್ರಗಳನ್ನು ಮೂಡಿಸುವ ವಿಧಾನವನ್ನೂ ರೂಪಿಸಲಾಯಿತು. ಒಂದು ಬಿಲ್ಲೆಯಲ್ಲಿ ಮೂರು ಓಲೆಗಳ ಚಿತ್ರ ಹಿಡಿಯುತ್ತದೆ. ಆದ್ದರಿಂದ ಇಡೀ ಕಟ್ಟಿಗೆ ನೂರಕ್ಕೂ ಹೆಚ್ಚು ಬಿಲ್ಲೆಗಳು ಬೇಕಾಗುತ್ತವೆ.

ಪ್ರತಿ ಸಲ ಬಿಚ್ಚಿದಾಗಲೂ ಓಲೆಯ ಚೂರುಗಳು ಉದುರುವ ಅಪಾಯವಿದೆ. ಚಿತ್ರಗಳು ಸಿದ್ಧವಾದ ಮೇಲೆ ಮೂಲವನ್ನು ಮುಟ್ಟದೆಯೇ ಪಾಠವನ್ನು ಓದಿ ಹೋಲಿಸಲು ಅನುಕೂಲವಾಗಿದೆ.