ದಾಖಲೆಯಲ್ಲಿ ಉಳಿದ ಒಂದು ಪದ

ನನ್ನ ತವರು ಕೊಳ್ಳೇಗಾಲ. ಬಿ.ಎಡ್. ಓದಲು ಮೈಸೂರಿಗೆ ಹೋದಾಗ ಹಾಸ್ಟೆಲಿನ ಗೆಳತಿಯರು, “ಇವಳ ತಂಟೆ ಬೇಡ ಕಣ್ರೇ, ಮಾಟ ಮಾಡಿಸಿಬಿಟ್ಟಾಳು” ಎಂದು ನಗುತ್ತಿದ್ದರು. ನಮ್ಮೂರಿನ ರೇಷ್ಮೆ ಯಾರಿಗೂ ನೆನಪಾಗುತ್ತಿರಲಿಲ್ಲ. ನಾನೂ ನಗುತ್ತಿದ್ದೆ, ಒಳಗೆ ಚುಚ್ಚುತ್ತಿತ್ತು.

ಅದೇ ವರ್ಷ ತರಗತಿಯಲ್ಲಿ ವ್ಯಕ್ತಿತ್ವದ ಪಾಠ. ಮನುಷ್ಯರನ್ನು ಗುಂಪು ಮಾಡುವ ಆಸೆ ಹಳೆಯದು. ನಮ್ಮ ಹಿರಿಯರು ವಾತ, ಪಿತ್ತ, ಕಫವೆಂದರು. ಸತ್ವ, ರಜಸ್ಸು, ತಮಸ್ಸೆಂದರು. ಗ್ರೀಕರು ದೇಹದ ನಾಲ್ಕು ರಸಗಳಲ್ಲಿ ಸ್ವಭಾವವನ್ನು ಹುಡುಕಿದರು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆ ಲೋಕಕ್ಕೆಲ್ಲ ಹರಡಿತು. 1938ರಲ್ಲಿ ಮುಗಿದ ಭಾರತ ಪ್ರವಾಸದಲ್ಲಿ ಅವರು ಮೈಸೂರಿಗೂ ಬಂದು, ಮಹಾರಾಜರ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಗಹನವಾಗಿ ಚರ್ಚಿಸಿದ್ದರು. ನೋಡಿದೊಡನೆ ಜನರಿಗೆ ಹೆಸರಿನ ಚೀಟಿ ಅಂಟಿಸುವುದು ಬರೀ ಮಕ್ಕಳಾಟ ಎಂದು 1934ರಲ್ಲೇ ಎಚ್ಚರಿಸಿದವರೂ ಅವರೇ. ನಾನು ಪರೀಕ್ಷೆಗೆ ಓದಿದ್ದು ಹೆಸರುಗಳನ್ನು ಮಾತ್ರ, ಎಚ್ಚರಿಕೆಯನ್ನಲ್ಲ.

ಮದುವೆಯಾಗಿ ಯಳಂದೂರಿಗೆ ಬಂದೆ. ಕೆಲಸ ಸಿಕ್ಕಿದ್ದು ಹನೂರಿನ ಕಡೆಯ ಶಾಲೆಯೊಂದರಲ್ಲಿ. ಅಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತುಟಿಯನ್ನೇ ಬಿಚ್ಚುತ್ತಿರಲಿಲ್ಲ. ಅವಳ ದಾಖಲೆಯಲ್ಲಿ ‘ಅಂತರ್ಮುಖಿ’ ಎಂದು ಬರೆದೆ. ಚರ್ಚಾಸ್ಪರ್ಧೆಗೂ ನಾಟಕಕ್ಕೂ ಅವಳ ಹೆಸರು ಸೇರಿಸಲಿಲ್ಲ.

ಆ ವರ್ಷ ಚಿಕ್ಕಲ್ಲೂರು ಜಾತ್ರೆಯಲ್ಲಿ ಪುರಿ ಅಂಗಡಿಯೊಂದರಿಂದ ಕಂಚಿನ ಕಂಠವೊಂದು ಕೇಳಿತು: “ಬನ್ರವ್ವ, ಬನ್ರಣ್ಣ!” ತಿರುಗಿ ನೋಡಿದರೆ ಅವಳೇ! ಚೌಕಾಸಿ ಮಾಡುವವರನ್ನು ನಗಿಸುತ್ತ, ಗದರುತ್ತ ವ್ಯಾಪಾರ ನಡೆಸಿದ್ದಳು.

“ಶಾಲೆಯಲ್ಲಿ ಯಾಕವ್ವ ಮಾತಾಡೋದಿಲ್ಲ?” ಎಂದೆ.

“ನಮ್ ಮಾತ್ಗ ಎಲ್ಲಾರೂ ನಗ್ತಾರ ಮಿಸ್” ಎಂದಳು.

ಅವಳ ಮಾತನ್ನು ತರಗತಿಯ ಎದುರಿಗೇ ತಿದ್ದುತ್ತಿದ್ದವಳು ನಾನೇ.

1948ರಲ್ಲಿ ಅಮೆರಿಕದ ಬರ್ಟ್ರಾಂ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ‘ನಿಮ್ಮ ಸ್ವಭಾವ’ ಎಂದು ಒಂದೇ ವಿವರಣೆಯನ್ನು ಹಂಚಿದರು. ಅದರ ವಾಕ್ಯಗಳನ್ನು ಹೆಚ್ಚಾಗಿ ಆರಿಸಿದ್ದು ಜ್ಯೋತಿಷ್ಯದ ಪುಸ್ತಕವೊಂದರಿಂದ. ವಿದ್ಯಾರ್ಥಿಗಳು ಅದಕ್ಕೆ ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು! ಯೂಂಗರ ವಿಂಗಡಣೆಯನ್ನು ಬ್ರಿಗ್ಸ್, ಮೈಯರ್ಸ್ ಎಂಬ ತಾಯಿ ಮಗಳು 16 ಬಗೆಗಳಿಗೆ ಬೆಳೆಸಿದರು; ಕಂಪನಿಗಳು ಈಗಲೂ ಅದನ್ನು ಬಳಸುತ್ತವೆ. ಆದರೆ ಕೆಲವು ವಾರ ಬಿಟ್ಟು ಮತ್ತೆ ಉತ್ತರಿಸಿದರೆ ಎಷ್ಟೋ ಜನರ ಬಗೆಯೇ ಬದಲಾಗಿರುತ್ತದೆ. ನಿಜವೆಂದರೆ ಬಹಳಷ್ಟು ಜನ ಆ ಕೊನೆಗೂ ಈ ಕೊನೆಗೂ ಸೇರದೆ ನಡುವೆ ಇರುತ್ತಾರೆ.

ಹಾಗೆಂದು ಈ ಪದಗಳು ದಂಡವೆನ್ನಲಾರೆ. ಮೌನ ದಡ್ಡತನವಲ್ಲ, ಅದೂ ಒಂದು ಸ್ವಭಾವ ಎಂದು ನನಗೆ ಕಲಿಸಿದ್ದು ಇವೇ. ನೋಡಲು ತೊಡಗುವುದಕ್ಕೆ ಅವು ಸಾಕು. ತೀರ್ಪು ಬರೆಯುವುದಕ್ಕೆ ಸಾಲವು. ಈಗ ಯಾವ ಮಗುವನ್ನಾದರೂ ‘ಮಾತಾಡುವುದಿಲ್ಲ’ ಎನ್ನುವ ಮೊದಲು, ಎಲ್ಲಿ, ಯಾರ ಮುಂದೆ ಎಂದು ಕೇಳಿಕೊಳ್ಳುತ್ತೇನೆ.

ಆ ದಾಖಲೆಯನ್ನು ತಿದ್ದಬೇಕೆಂದುಕೊಂಡೆ. ಇವತ್ತು, ನಾಳೆ ಎನ್ನುವಷ್ಟರಲ್ಲಿ ಅವಳು ವರ್ಗಾವಣೆ ಪತ್ರ ಪಡೆದು ಹೋಗಿದ್ದಳು. ನನ್ನ ದುಂಡಕ್ಷರದ ಆ ಪದ ಮಾತ್ರ ಹಾಗೆಯೇ ಉಳಿದಿತ್ತು.